ಕರಿದ ಎಣ್ಣೆಯಿಂದ ಬಯೋಡೀಸೆಲ್

ಕೇಳುಗರಿಗೆ ನಮಸ್ಕಾರ.

ಕಾಲೇಜಿನಲ್ಲಿ ವಿಜ್ಞಾನ ಸಂಘ ಕಟ್ಟಿದವರು ಮೊದಲು ಕೇಳುವ ಪ್ರಶ್ನೆ, ಏನು ಮಾಡೋಣ ಅಂತ. ನನ್ನ ಉತ್ತರ, ಬಯೋಡೀಸೆಲ್ ಮಾಡಿ, ಅಂದರೆ ಅಡುಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನಿಗೆ ಇಂಧನ. ಕ್ಯಾಂಟೀನಿನಲ್ಲಿ ಕರಿದು ಉಳಿದ ಎಣ್ಣೆಯಿಂದಲೇ ಶುರು ಮಾಡಬಹುದು. ರಸಾಯನಶಾಸ್ತ್ರ ಓದುವವರಿಗೂ ಎಂಜಿನ್ ಬಿಚ್ಚುವವರಿಗೂ ಇದರಲ್ಲಿ ಕೈತುಂಬ ಕೆಲಸ.

1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಹಾಗಾದರೆ ಎಣ್ಣೆಯನ್ನೇ ಸುಮ್ನೆ ಟ್ಯಾಂಕಿಗೆ ಸುರಿದರೆ ಆಯ್ತಲ್ವಾ? ಆಗುವುದಿಲ್ಲ. ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ. ಇಂಜೆಕ್ಟರ್‌ನಿಂದ ಸಣ್ಣ ಹನಿಯಾಗಿ ಚಿಮ್ಮುವುದಿಲ್ಲ, ಸರಿಯಾಗಿ ಉರಿಯುವುದಿಲ್ಲ, ಒಳಗೆ ಮಸಿ ಕಟ್ಟುತ್ತದೆ.

ಎಣ್ಣೆಯ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಎಂಬ ಆಲ್ಕೋಹಾಲ್ ಬೆರೆಸಿ ಅವುಗಳನ್ನು ಬಿಡಿಸಬೇಕು. ಬಿಡಿಸಿದ ಮೇಲೆ ಸಿಗುವ ತೆಳುವಾದ ದ್ರವವೇ ಬಯೋಡೀಸೆಲ್. ಲೀಟರ್ ಎಣ್ಣೆಗೆ ಸುಮಾರು 200 ಮಿಲಿಲೀಟರ್ ಮೆಥನಾಲ್ ಬೇಕು, ಜೊತೆಗೆ ಕ್ರಿಯೆ ಬೇಗ ನಡೆಯಲು ಸ್ವಲ್ಪ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಮುಂದೆ ಸೋಡಾ ಎಂದರೆ ಇದೇ, ಅಡುಗೆ ಸೋಡಾ ಅಲ್ಲ.

ಈ 'ಸ್ವಲ್ಪ' ಎಂದರೆ ಎಷ್ಟು? ಸಂಘದ ಅಸಲಿ ಕೆಲಸ ಇಲ್ಲಿದೆ. ಹೊಸ ಎಣ್ಣೆಗೆ ಲೀಟರಿಗೆ ಸುಮಾರು 3.5 ಗ್ರಾಂ ಸಾಕು. ಕರಿದ ಎಣ್ಣೆಯಲ್ಲಿ ಬಿಡಿಯಾದ ಆಮ್ಲ ಇರುತ್ತದೆ, ಅದು ಸೋಡಾವನ್ನು ತಿಂದುಬಿಡುತ್ತದೆ. ಎಷ್ಟು ತಿನ್ನುತ್ತದೆ ಎಂಬುದು ಒಂದೊಂದು ಡಬ್ಬಕ್ಕೂ ಬೇರೆ. ಅದಕ್ಕೇ ಟೈಟ್ರೇಷನ್, ಅಂದರೆ ಹನಿಹನಿಯಾಗಿ ಬಿಟ್ಟು ಆಮ್ಲ ಎಷ್ಟಿದೆ ಎಂದು ಅಳೆಯುವುದು. ಒಂದು ಲೀಟರ್ ನೀರಿನಲ್ಲಿ 1 ಗ್ರಾಂ ಸೋಡಾ ಕರಗಿಸಿಟ್ಟುಕೊಳ್ಳಿ. 1 ಮಿಲಿಲೀಟರ್ ಎಣ್ಣೆಯನ್ನು 10 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಹಾಕಿ, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ತಲೀನ್ ಸೇರಿಸಿ. ಈಗ ಕರಗಿಸಿಟ್ಟ ಕಾಸ್ಟಿಕ್ ಸೋಡಾದ ನೀರನ್ನು ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಬಂದು ನಿಲ್ಲುವಷ್ಟರಲ್ಲಿ 2 ಮಿಲಿಲೀಟರ್ ಹೋಗಿದ್ದರೆ, ಲೀಟರ್ ಎಣ್ಣೆಗೆ 2 ಗ್ರಾಂ ಸೋಡಾ ಜಾಸ್ತಿ ಬೇಕು, ಅಂದರೆ ಒಟ್ಟು 5.5 ಗ್ರಾಂ. ಪುಸ್ತಕದಲ್ಲಿ ಓದಿ ಮರೆತ ಪಾಠ ಇಲ್ಲಿ ಕೈಗೆ ಹತ್ತುತ್ತದೆ. ನನಗೆ ಈ ಕೆಲಸ ಇಷ್ಟವಾಗುವುದೇ ಇದಕ್ಕೆ.

ಎಣ್ಣೆಯಲ್ಲಿ ನೀರಿದ್ದರೆ ಇಂಧನದ ಬದಲು ಸೋಪು ಸಿಗುತ್ತದೆ. ಹಾಗಾಗಿ ಮೊದಲು ಸೋಸಿ, ಕಾಯಿಸಿ, ನೀರು ತೆಗೆದು, ಆರಲು ಬಿಡಬೇಕು.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ಮೆಥನಾಲ್ ವಿಷ. ಚರ್ಮದ ಮೂಲಕವೂ, ಉಸಿರಿನ ಮೂಲಕವೂ ಒಳಗೆ ಹೋಗುತ್ತದೆ, ಕಣ್ಣನ್ನೇ ಕಳೆಯಬಹುದು. ಅದಕ್ಕೆ ಬೆಂಕಿ ಹತ್ತಿದರೆ ಹಗಲಲ್ಲಿ ಉರಿ ಕಾಣುವುದೇ ಕಷ್ಟ. ಕನ್ನಡಕ, ಕೈಗವಸು, ಚೆನ್ನಾಗಿ ಗಾಳಿಯಾಡುವ ಜಾಗ, ಜೊತೆಗೊಬ್ಬ ಅಧ್ಯಾಪಕರು, ಇಷ್ಟಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಕಾಸ್ಟಿಕ್ ಸೋಡಾ ಅದನ್ನು ಕೊರೆಯುತ್ತದೆ.

ಸೋಡಾ ಕರಗಿಸಿದ ಮೆಥನಾಲನ್ನು ಎಣ್ಣೆಗೆ ಬೆರೆಸಿ, 55 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಲಕಬೇಕು. ಮೆಥನಾಲ್ ಸುಮಾರು 65 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಕೆಳಗೇ ಇರಲಿ. ಒಂದು ರಾತ್ರಿ ಬಿಟ್ಟರೆ ಕಂದು ಗ್ಲಿಸರಿನ್ ತಳಕ್ಕೆ ಇಳಿದು, ಮೇಲೆ ಬಯೋಡೀಸೆಲ್ ನಿಲ್ಲುತ್ತದೆ. ಅದನ್ನು ನೀರಿನಿಂದ ಮೆಲ್ಲಗೆ ತೊಳೆದು, ಒಣಗಿಸಬೇಕು.

ಎಂಜಿನ್ನಿಗೆ ಹಾಕುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೂ ಮುಂಚೆ 27 ಮಿಲಿಲೀಟರ್ ಮೆಥನಾಲ್‌ಗೆ 3 ಮಿಲಿಲೀಟರ್ ಬಯೋಡೀಸೆಲ್ ಹಾಕಿ ಅಲುಗಾಡಿಸಿ. ತಿಳಿಯಾಗಿ ಕರಗಿದರೆ ಈ ಪರೀಕ್ಷೆಯಲ್ಲಿ ಪಾಸು. ತಳದಲ್ಲಿ ಎಣ್ಣೆ ಹನಿ ಕಂಡರೆ ಕೆಲಸ ಅರ್ಧಕ್ಕೇ ನಿಂತಿದೆ ಎಂದರ್ಥ. ಆ ಬ್ಯಾಚನ್ನು ಚೆಲ್ಲಬೇಡಿ. ಇನ್ನಷ್ಟು ಮೆಥನಾಲ್, ಸೋಡಾ ಸೇರಿಸಿ ಮತ್ತೊಮ್ಮೆ ಕಲಕಿ. ನಮಸ್ಕಾರ.