ಪಕ್ಕವಾದ್ಯದವನ ಮಾತು

ಇದು ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ. ಮೈಸೂರಿನಲ್ಲಿ ಸಂಗೀತ ಕಲಿತವರಿಗೆ ಈ ಜಾಗದ ಪರಿಚಯ ಬೇಕಿಲ್ಲ. ಪಿಟೀಲು ವಿದ್ವಾಂಸರಾದ ತಿರುಮಕೂಡಲಿನ ಚೌಡಯ್ಯನವರು ಪಾಠ ಕಲಿತದ್ದು ಇದೇ ಕೃಷ್ಣಪ್ಪನವರ ಹತ್ತಿರ. ಪಿಟೀಲು ಹಿಡಿದ ನನ್ನಂಥವರಿಗೆ ಇಲ್ಲಿ ಬಂದರೆ ಕೈ ತಾನಾಗಿ ಮುಗಿಯುತ್ತದೆ.

ಚೌಡಯ್ಯನವರ ಏಳು ತಂತಿಯ ಪಿಟೀಲಿನ ವಿಷಯ ಕೇಳಿರುತ್ತೀರಿ, ಅಲ್ವಾ? ಆಗ ಮೈಕ್ ಇರಲಿಲ್ಲ. ದೊಡ್ಡ ಸಭೆ, ಹಾಡುವವರದ್ದು ಕಂಚಿನ ಕಂಠ. ನಾಲ್ಕು ತಂತಿಯ ನಾದ ಕೊನೆಯ ಸಾಲಿನವರೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಅವರು ಇನ್ನೂ ಮೂರು ತಂತಿ ಸೇರಿಸಿದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಪಕ್ಕವಾದ್ಯದವರಿಗೂ ಅಂಥ ಗೌರವ ಸಿಗುತ್ತದೆ ಎಂಬ ಧೈರ್ಯದಿಂದಲೇ ನಾನು ಈ ದಾರಿ ಹಿಡಿದೆ.

ನನ್ನ ಬದುಕೆಲ್ಲ ಹಾಡುವವರ ಪಕ್ಕದಲ್ಲೇ ಕಳೆಯಿತು. ಇದನ್ನು ಬೇಜಾರಿನಿಂದ ಹೇಳುತ್ತಿಲ್ಲ. ಆಲಾಪನೆಯಲ್ಲಿ, ಅಂದರೆ ಸಾಹಿತ್ಯವಿಲ್ಲದೆ ರಾಗವನ್ನು ಬೆಳೆಸುವಾಗ, ಅವರು ಒಂದು ಸಂಚಾರ, ಅಂದರೆ ಸ್ವರಗಳ ಒಂದು ಓಟ, ಹಾಡಿ ನಿಲ್ಲಿಸುತ್ತಾರೆ. ಅದರ ತುದಿಯನ್ನು ನಾನು ಹಿಡಿಯಬೇಕು. ಜಾಸ್ತಿ ನುಡಿಸಿದರೆ ಅವರ ಮನಸ್ಸಿನಲ್ಲಿ ಮುಂದೆ ಬರಬೇಕಾದದ್ದು ಕೆಡುತ್ತದೆ. ಕಡಿಮೆಯಾದರೆ ಅವರಿಗೆ ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ. ತೋಡಿ ರಾಗದ ಗಾಂಧಾರ ಸ್ವರವನ್ನು ಒಬ್ಬೊಬ್ಬರು ಒಂದೊಂದು ಥರ ತೂಗುತ್ತಾರೆ. ನನ್ನ ಗುರುಗಳು ಕಲಿಸಿದ್ದು ಬೇರೆ ಇರಬಹುದು. ಆದರೆ ಆ ಸಂಜೆ ಹಾಡುವವರ ಗಾಂಧಾರವೇ ನನ್ನ ಗಾಂಧಾರ. ಶ್ರುತಿಯದ್ದೂ, ಅಂದರೆ ಹಾಡಿನ ಆಧಾರ ಷಡ್ಜದ ಎತ್ತರದ್ದೂ, ಹಾಗೇ. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಒಂದನೇ ಮನೆಯ ಆಸುಪಾಸು, ಹೆಂಗಸರು ಐದರ ಆಸುಪಾಸು. ತಂತಿಯ ಬಿಗಿ ಬದಲಾದರೆ ಕಮಾನಿನ ಭಾರವೂ ಬದಲಾಗಬೇಕು. ಇದನ್ನು ಯಾರೂ ಬರೆದು ಕೊಡುವುದಿಲ್ಲ. ವರ್ಷಗಟ್ಟಲೆ ಕಿವಿಗೊಟ್ಟು ಕೂರಬೇಕು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ನಮ್ಮ ಸಂಭಾವನೆ ಯಾವಾಗಲೂ ಕಡಿಮೆಯೇ. ಮನೆ ನಡೆದದ್ದು ಪಾಠ ಹೇಳಿ. ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಅದು ಸರಿಯಲ್ಲ. ಕಛೇರಿ ಏರ್ಪಡಿಸುವವರು ಈ ವಿಡಿಯೊ ನೋಡುತ್ತಿದ್ದರೆ, ಪಿಟೀಲು, ಮೃದಂಗ, ಘಟ ನುಡಿಸುವವರ ಹೆಸರನ್ನೂ ಕಾಣುವ ಹಾಗೆ ಹಾಕಿ. ಇಷ್ಟೇ ಕೇಳುತ್ತಿದ್ದೇನೆ.

ಇದು ಮೈಸೂರಿನದೇ ವಿ.ವಿ. ಮೊಹಲ್ಲಾದ 8ನೇ ಕ್ರಾಸ್. ಗಣೇಶನ ಹಬ್ಬದಲ್ಲಿ ಇಲ್ಲಿ ನಡೆಯುವ ಕಛೇರಿಗಳೆಂದರೆ ನನಗೆ ಪ್ರಾಣ. ಪೆಂಡಾಲಿನಲ್ಲಿ ಕೂತು ಮೊಣಕಾಲ ಮೇಲೆ ತಾಳ ಹಾಕುವ ಅಜ್ಜಿಯರು ಇದ್ದಾರಲ್ಲ, ಅವರ ಕಿವಿಗೆ ಒಂದು ಸ್ವರದ ಏರುಪೇರೂ ತಪ್ಪುವುದಿಲ್ಲ. ಅವರು ತಲೆದೂಗಿದರೆ ನನಗೆ ಬೇರೆ ಪ್ರಶಸ್ತಿ ಬೇಡ. ಚೌಡಯ್ಯನವರು ನಾದ ಹೆಚ್ಚಿಸಲು ತಂತಿ ಸೇರಿಸಿದರು. ನಾನು ಈಗ ಕಛೇರಿಗೆ ಮುಂಚೆ ಮೈಕ್‌ನವರ ಹತ್ತಿರ ಹೋಗಿ, ಪಿಟೀಲಿನ ಸೌಂಡ್ ಸ್ವಲ್ಪ ಇಳಿಸಿ ಎನ್ನುತ್ತೇನೆ. ಹಾಡುವವರ ದನಿ ಮೇಲೆ ನಿಲ್ಲಬೇಕು. ಇಬ್ಬರ ಆಸೆಯೂ ಕೇಳುಗರ ಸಲುವಾಗಿಯೇ.

ಈಗ ಮನೆಯ ಪಾಠದ ಕೋಣೆಗೆ ಬನ್ನಿ. ನನ್ನ ಶಿಷ್ಯೆ ಕಲ್ಯಾಣಿ ರಾಗ ಹಾಡುತ್ತಾಳೆ, ನಾನು ಪಕ್ಕದಲ್ಲಿ ನುಡಿಸುತ್ತೇನೆ. ಮೊದಲ ಸಲ ಅವಳ ಹಾಡು ಕೇಳಿ. ಎರಡನೇ ಸಲ ಪಿಟೀಲನ್ನು ಮಾತ್ರ ಕೇಳಿ, ನಾನು ಎಲ್ಲೆಲ್ಲಿ ಕಮಾನು ಎತ್ತಿದೆ ಎಂದು ನೋಡುತ್ತಾ ಹೋಗಿ.