ರೋಗಿ ಬೇಕಾಗಿದ್ದಾರೆ: ಡೆಂಟಲ್ ಹೈಜೀನ್ ಕ್ಲಿನಿಕ್ಕಿನ ಒಂದು ದಿನ

ನಾನು ಅಮೆರಿಕದಲ್ಲಿ ಡೆಂಟಲ್ ಹೈಜೀನ್, ಅಂದರೆ ಹಲ್ಲು ಸ್ವಚ್ಛ ಮಾಡುವ ಕೆಲಸ, ಕಲಿಯುತ್ತಿರುವ ವಿದ್ಯಾರ್ಥಿನಿ. ಹಿಮ ನೋಡಿ ಗಾಬರಿಯಾಗಬೇಡಿ, ಕನೆಕ್ಟಿಕಟ್‌ನಲ್ಲಿ ಫೆಬ್ರವರಿ ಎಂದರೆ ಹೀಗೆಯೇ. ಕುರ್ಚಿ ಒರೆಸುವುದು, ಪ್ಲಾಸ್ಟಿಕ್ ಹೊದಿಸುವುದು ಎಲ್ಲ ನಿಮಗೇ ಕಾಣುತ್ತಿದೆ. ವಿಡಿಯೊ ವೇಗ ಹೆಚ್ಚಿಸಿದ್ದೇನೆ, ನಿಜದಲ್ಲಿ ನಾನು ಇಷ್ಟು ಚುರುಕಲ್ಲ.

ಟ್ರೇಯಲ್ಲಿರುವುದು ಹಲ್ಲಿಗಂಟಿದ ಗಟ್ಟಿ ಪಾಚಿ ಕೆರೆಯುವ ಗ್ರೇಸಿ ಕ್ಯೂರೆಟ್‌ಗಳು. 11/12 ಸಂಖ್ಯೆಯದು ದವಡೆ ಹಲ್ಲಿನ ಮುಂಬದಿಗೆ, 13/14 ಅದೇ ಹಲ್ಲಿನ ಹಿಂಬದಿಗೆ. ಒಂದು ಹಲ್ಲಿಗೆ ಇಷ್ಟು ಸಲಕರಣೆಯೇ? ಮಾರುವವರ ಉಪಾಯ ಎನಿಸುತ್ತದೆ ನನಗೆ.

ಈಗ ಖಾಲಿ ಕುರ್ಚಿ ಕಾಣುತ್ತಿದೆಯಲ್ಲ, ಅದರ ಕಥೆ ಹೇಳಲೇಬೇಕು. ಈ ಕೋರ್ಸಿನಲ್ಲಿ ಓದು ಹೇಗೋ ಸಾಗುತ್ತದೆ. ಅನಾಟಮಿ, ಮೈಕ್ರೊಬಯಾಲಜಿ ಎಲ್ಲ ಸೇರುವ ಮೊದಲೇ ಮುಗಿದಿರುತ್ತವೆ. ಪ್ರಾಣ ಹಿಂಡುವುದು ರೋಗಿಗಳನ್ನು ಹುಡುಕುವ ಕೆಲಸ. ನಾವೇ ಕರೆತರಬೇಕು. ಅದೂ ಎಂಥವರನ್ನು? ಹಲ್ಲು ಫಳಫಳ ಹೊಳೆಯುವವರು ಕೋರ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಒಸಡಿನ ಕೆಳಗೂ ಪಾಚಿ ಗಟ್ಟಿಯಾಗಿ ಕೂತಿರಬೇಕು. ಸಂಕ್ರಾಂತಿಗೆ ಕನ್ನಡ ಕೂಟದಲ್ಲಿ ಎಳ್ಳುಬೆಲ್ಲ ಹಂಚುವಾಗ ನನ್ನ ಕಣ್ಣೆಲ್ಲ ಜನರ ಕೆಳಗಿನ ಮುಂದಿನ ಹಲ್ಲುಗಳ ಮೇಲೆ. ನಾಲಿಗೆಯ ಕೆಳಗೆ ಜೊಲ್ಲಿನ ನಾಳ ತೆರೆಯುವುದು ಅಲ್ಲಿಯೇ, ಜೊಲ್ಲಿನ ಕ್ಯಾಲ್ಸಿಯಂ ಪಾಚಿಯನ್ನು ಕಲ್ಲಾಗಿಸುವುದೂ ಅಲ್ಲಿಯೇ ಹೆಚ್ಚು.

ಆ ಕೂಟದಲ್ಲಿ ಸಿಕ್ಕವರು ಹಾಸನದಿಂದ ಮಗಳ ಮನೆಗೆ ಬಂದಿರುವ ಒಬ್ಬ ಅಂಕಲ್. ಎಲೆಅಡಿಕೆ ಅಭ್ಯಾಸ, ಇಲ್ಲಿ ದಂತವಿಮೆ ಇಲ್ಲ, ಸ್ವಚ್ಛ ಮಾಡಿಸಿ ವರ್ಷಗಳೇ ಆಗಿವೆ. ನನ್ನ ಪಾಲಿಗೆ ನಿಧಿ! ಇವತ್ತು ಹೇಳಿದ ಹೊತ್ತಿಗೆ ಬಂದು ಕೂತರು ಕೂಡ.

ನಮ್ಮಲ್ಲಿ ಮೊದಲು ರಕ್ತದೊತ್ತಡ ನೋಡಬೇಕು. "ಇದು ಹಲ್ಲಿನ ಆಸ್ಪತ್ರೆ ತಾನೇ, ತೋಳಿಗೆ ಪಟ್ಟಿ ಏಕಮ್ಮ?" ಎಂದರು. 186/112. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ತೋಳಿಗೆ ಕಟ್ಟಿದೆ. ಇಳಿಯಲಿಲ್ಲ. ಹೊರಡುವ ಮುನ್ನ ಎರಡು ಲೋಟ ಕಾಫಿ, ಜಾಕೆಟ್ ಹಾಕಿಕೊಳ್ಳಿ ಎಂದಿದ್ದಕ್ಕೆ ಆಂಟಿಯ ಜೊತೆ ಜಗಳ, ಎರಡೂ ಆಗಿದ್ದವಂತೆ. 180/110 ದಾಟಿದರೆ ನಮ್ಮ ಕ್ಲಿನಿಕ್ಕಿನಲ್ಲಿ ಬಾಯಿಗೆ ಕೈ ಹಾಕುವಂತಿಲ್ಲ. ನಮಗೆ ಕಲಿಸುವ ಮೇಡಂ ನೋಡಿದರು, ಬೇಡವೆಂದು ತಲೆಯಾಡಿಸಿದರು, ಮುಗಿಯಿತು. "ಇಷ್ಟು ದೂರ ಬಂದಿದ್ದೇನೆ, ಮೇಲೆ ಮೇಲೆ ಉಜ್ಜಿ ಕಳಿಸಿಬಿಡು" ಎಂದರು ಅಂಕಲ್. ಹಾಗೆ ಆಗುವುದಿಲ್ಲ, ಡಾಕ್ಟರರ ಪತ್ರ ಬೇಕು ಎಂದು ಹೇಳುವಾಗ ನನಗೇ ಅಳು ಬರುವಂತಿತ್ತು. ಇಡೀ ಬೆಳಗು ಹೋಯಿತು, ಒಂದು ಹಲ್ಲೂ ಲೆಕ್ಕಕ್ಕೆ ಬರಲಿಲ್ಲ.

ಆಗ ಇದು ಕೆಲಸಕ್ಕೆ ಬಾರದ ನಿಯಮ ಎಂದು ಬೈದುಕೊಂಡೆ. ನಿಯಮ ಸರಿಯೇ ಬಿಡಿ. ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಬಹಳ ಸಲ ಎಪಿನೆಫ್ರಿನ್ ಎಂಬ ಔಷಧ ಇರುತ್ತದೆ, ಅದು ಹೃದಯದ ಬಡಿತ, ರಕ್ತದೊತ್ತಡ ಏರಿಸಬಹುದು. ಆದರೂ ಕೋಪ ಇಳಿದಿಲ್ಲ.

ಈ ವೃತ್ತಿ ಹುಟ್ಟಿದ್ದು ಇದೇ ರಾಜ್ಯದಲ್ಲಿ, ಗೊತ್ತೇ? ಬ್ರಿಡ್ಜ್‌ಪೋರ್ಟ್‌ನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಸ್ವಚ್ಛ ಮಾಡಲು ಕಲಿಸಿದರು, 1913ರಲ್ಲಿ ತರಬೇತಿ ಶಾಲೆಯನ್ನೇ ತೆರೆದರು. ಅಲ್ಲಿ ಕಲಿತವರು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿ ಮಾಡುತ್ತಿದ್ದರು. ಸಾಲುಸಾಲು ಮಕ್ಕಳು! ರಕ್ತದೊತ್ತಡದ ರಗಳೆಯೂ ಇಲ್ಲ, ಎಲೆಅಡಿಕೆಯೂ...

ಅಯ್ಯೋ, ಲ್ಯಾಬಿನ ದೃಶ್ಯ ಬಂದೇಬಿಟ್ಟಿತು. ಇದು ಟೈಪೊಡಾಂಟ್, ಪ್ಲಾಸ್ಟಿಕ್ ಹಲ್ಲಿನ ಬಾಯಿ; ಮಧ್ಯಾಹ್ನವಿಡೀ ಇದರ ಜೊತೆಯೇ. ಕಡೆಯ ದವಡೆ ಹಲ್ಲಿನ ಹಿಂದೆ 11/12 ಹಿಡಿದು ಒದ್ದಾಡುತ್ತಿದ್ದೇನೆ, ಅಲಗು ಕೂರುವುದೇ ಇಲ್ಲ. ಈಗ 13/14. ನೋಡಿ, ಸಲೀಸಾಗಿ ಕೂತಿತು. ಉಪಾಯ ಎಂದಿದ್ದನ್ನು ಹಿಂತೆಗೆದುಕೊಂಡೆ, ಬೆಲೆಯನ್ನು ಮಾತ್ರ ಒಪ್ಪುವುದಿಲ್ಲ.

ಹಾರ್ಟ್‌ಫರ್ಡ್ ಸುತ್ತಮುತ್ತ ಹಲ್ಲು ಸ್ವಚ್ಛ ಮಾಡಿಸದೆ ಬಹಳ ಕಾಲವಾದವರು ಯಾರಾದರೂ ಇದ್ದರೆ ತಿಳಿಸಿ. ಶುಲ್ಕ ಕಡಿಮೆ, ಸಮಯ ಮಾತ್ರ ಹಿಡಿಯುತ್ತದೆ. ಕಾಫಿ ಆಮೇಲೆ ನಾನೇ ಕೊಡಿಸುತ್ತೇನೆ. ಬ್ಯಾಟರಿ ಮುಗಿಯಿತು, ಇಲ್ಲಿಗೆ ನಿಲ್ಲಿ—