ಮೊದಲು ಕಾಗದ, ಆಮೇಲೆ ಕುರ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ರಾಜ್ಯ ಚುನಾವಣೆ ಅಂದ ತಕ್ಷಣ ನನ್ನನ್ನು ಜನ ಕೇಳುವ ಪ್ರಶ್ನೆ ಒಂದೇ. ಬಹುಮತ ಬರದಿದ್ದರೆ ಅಲ್ಲಿ ಶಾಸಕರನ್ನು ಯಾವ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾರೆ? ಎಲ್ಲಿಗೂ ಇಲ್ಲ ಸ್ವಾಮಿ. ಅಲ್ಲಿ ಪಕ್ಷಗಳವರು ಕೂತು ಮೈತ್ರಿ ಒಪ್ಪಂದ ಬರೆಯುತ್ತಾರೆ. ಮೊದಲು ಕಾಗದ, ಆಮೇಲೆ ಕುರ್ಚಿ. ನಾನು ಹೇಳಲು ಬಂದಿರುವುದು ಇಷ್ಟೇ.

ಒಂದು ರಾಜ್ಯ ನೋಡೋಣ. ಬಾಡೆನ್-ವುರ್ಟೆಂಬರ್ಗ್. ಹೆಸರು ಉದ್ದ, ಹೆದರಬೇಡಿ. ರಾಜಧಾನಿ ಸ್ಟುಟ್‌ಗಾರ್ಟ್. ಆಡುಗೋಡಿಯ ಮೈಕೋ ಫ್ಯಾಕ್ಟರಿ ಗೊತ್ತಲ್ವಾ? ಅದರ ಹಿಂದಿದ್ದ ಬಾಷ್ ಕಂಪನಿ ಹುಟ್ಟಿದ ಊರು ಇದೇ. ದುಡ್ಡಿರುವ ನಾಡು, ಹಳೇ ದಾರಿ ಬಿಡದ ನಾಡು. 1953ರಿಂದ 2011ರವರೆಗೆ ಅಲ್ಲಿ ಮುಖ್ಯಮಂತ್ರಿ ಅಂದರೆ ಸಂಪ್ರದಾಯವಾದಿ ಸಿಡಿಯು ಪಕ್ಷದವರೇ.

ಈ ಊರಿನ ರೈಲು ನಿಲ್ದಾಣದ ಕಥೆ ಹೇಳಲೇಬೇಕು. ಅಲ್ಲಿ ಹಳಿ ಮುಂದೆ ಹೋಗುವುದಿಲ್ಲ. ಬಂದ ರೈಲು ಬಂದ ದಿಕ್ಕಿಗೇ ವಾಪಸ್ ಹೊರಡಬೇಕು. ನಿಲ್ದಾಣವನ್ನು ನೆಲದೊಳಗೆ ಇಳಿಸಿ ರೈಲು ಹಾದುಹೋಗುವಂತೆ ಮಾಡೋಣ ಎಂದು ಹೊರಟರು. ಯೋಜನೆಯ ಹೆಸರು ಸ್ಟುಟ್‌ಗಾರ್ಟ್ 21. ಅದಕ್ಕೆ ಪಕ್ಕದ ಪಾರ್ಕಿನ ಮರ ಕಡಿಯಬೇಕು, ಕೋಟಿಗಟ್ಟಲೆ ಸುರಿಯಬೇಕು. ಜನ ಸುಮ್ನೆ ಕೂರಲಿಲ್ಲ. ಸಂಜೆ ಏಳು ಗಂಟೆ ಹೊಡೆದರೆ ಸಾಕು, ಒಂದು ನಿಮಿಷ ಪಾತ್ರೆ ಬಡಿಯುವುದು, ಪೀಪಿ ಊದುವುದು. ಒಂದೇ ನಿಮಿಷ, ಆಮೇಲೆ ಎಲ್ಲಾ ಶಾಂತ. ಜರ್ಮನರು ನೋಡಿ, ಗಲಾಟೆಗೂ ಟೈಮ್ ಟೇಬಲ್! 2010ರ ಸೆಪ್ಟೆಂಬರ್ 30ರಂದು ಪೊಲೀಸರು ಆ ಪಾರ್ಕಿನಲ್ಲಿ ಜಲಫಿರಂಗಿ ಹಾರಿಸಿದರು. ಗುಂಪಿನಲ್ಲಿ ಶಾಲೆ ಮಕ್ಕಳೂ ಇದ್ದರು. ನೂರಕ್ಕೂ ಜಾಸ್ತಿ ಜನಕ್ಕೆ ಗಾಯ. ಒಬ್ಬ ಹಿರಿಯರ ಕಣ್ಣೇ ಹೋಯಿತು. ಅದೇ ನಡುರಾತ್ರಿ ದಾಟಿದ ಮೇಲೆ ಮರಕ್ಕೆ ಗರಗಸ ಬಿತ್ತು.

ಆರು ತಿಂಗಳೂ ಆಗಿರಲಿಲ್ಲ, 2011ರ ಮಾರ್ಚ್ 11ಕ್ಕೆ ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತ. ನಮ್ಮ ಕಥೆಯ ರಾಜ್ಯದ ಸಿಡಿಯು ಮುಖ್ಯಮಂತ್ರಿ ಸ್ಟೆಫಾನ್ ಮಾಪುಸ್ ಅಣುವಿದ್ಯುತ್ ಪರ ದೊಡ್ಡ ದನಿಯಲ್ಲಿ ಮಾತಾಡಿದ್ದವರು. ಮಾರ್ಚ್ 27ಕ್ಕೆ ಮತದಾನ. ಸಿಡಿಯು ಶೇಕಡಾ 39 ಪಡೆದು ಆಗಲೂ ಮೊದಲ ಸ್ಥಾನದಲ್ಲೇ ಇತ್ತು. ಪರಿಸರವಾದಿಗಳ ಹಸಿರು ಪಕ್ಷಕ್ಕೆ 24.2, ಸಮಾಜವಾದಿ ಒಲವಿನ ಎಸ್‌ಪಿಡಿ ಪಕ್ಷಕ್ಕೆ 23.1. ಇಬ್ಬರೂ ಸೇರಿದರೆ 138ರಲ್ಲಿ 71 ಸೀಟು. ದೊಡ್ಡ ಪಕ್ಷ ಹೊರಗೆ ಕೂತಿತು.

ಈಗ ಬಂತು ಮಜಾ. ಹಸಿರು ಪಕ್ಷಕ್ಕೆ ಆ ನಿಲ್ದಾಣ ಬೇಡ. ಎಸ್‌ಪಿಡಿ ನಾಯಕರಿಗೆ ಬೇಕು. ನಮ್ಮಲ್ಲಾದರೆ "ಆಮೇಲೆ ನೋಡೋಣ, ಮೊದಲು ಪ್ರಮಾಣವಚನ ಆಗಲಿ" ಅನ್ನುತ್ತಿದ್ದರು. ಅವರು ತಮ್ಮ ಜಗಳವನ್ನೇ ಒಪ್ಪಂದ ಪತ್ರದಲ್ಲಿ ಬರೆದುಕೊಂಡರು: ಈ ವಿಷಯದಲ್ಲಿ ನಮಗೆ ಒಮ್ಮತವಿಲ್ಲ, ಜನರನ್ನೇ ಕೇಳುತ್ತೇವೆ. ಆ ಪತ್ರ ಯಾರು ಬೇಕಾದರೂ ಓದಬಹುದು. ಮೊದಲು ಕಾಗದ ಅಂದೆನಲ್ಲ, ಇದೇ ಅದು. ಮೇ 12ರಂದು ವಿನ್‌ಫ್ರೀಡ್ ಕ್ರೆಚ್‌ಮನ್ ಮುಖ್ಯಮಂತ್ರಿಯಾದರು. ಹಿಂದೆ ಶಾಲಾ ಮೇಷ್ಟ್ರು. ಜರ್ಮನಿಯಲ್ಲಿ ಹಸಿರು ಪಕ್ಷದ ಮೊದಲ ಮುಖ್ಯಮಂತ್ರಿ. ವಿಧಾನಸಭೆಯಲ್ಲಿ ಅವರಿಗೆ ಬಿದ್ದದ್ದು 73 ಮತ. ಅಂದರೆ ವಿರೋಧ ಪಕ್ಷದ ಕಡೆಯಿಂದಲೂ ಎರಡು! ಗುಪ್ತ ಮತದಾನ, ಯಾರೆಂದು ಹೇಳುವ ಹಾಗಿಲ್ಲ.

ನವೆಂಬರ್ 27ಕ್ಕೆ ಜನಮತ ಗಣನೆ. ಪ್ರಶ್ನೆ ಸ್ವಲ್ಪ ತಿರುಚು ಮುರುಚು. "ಹೌದು" ಅಂದರೆ ನಿಲ್ದಾಣ ಬೇಡ, "ಇಲ್ಲ" ಅಂದರೆ ನಿಲ್ದಾಣ ಬೇಕು. ಒಂದೇ ಸಂಪುಟದ ಮಂತ್ರಿಗಳು ಎರಡು ಕಡೆ ನಿಂತು ಪ್ರಚಾರ ಮಾಡಿದರು, ಸರ್ಕಾರ ಬೀಳಲಿಲ್ಲ. ಶೇಕಡಾ 58.9 ಜನ "ಇಲ್ಲ" ಅಂದರು. ಕ್ರೆಚ್‌ಮನ್ ಸೋತರು. ಸೋತೆ ಎಂದು ಒಪ್ಪಿ, ತನಗೆ ಬೇಡವಾದ ನಿಲ್ದಾಣ ಕಟ್ಟಲು ಬಿಟ್ಟರು. ಕಾಗದದಲ್ಲಿ ಹಾಗೆ ಬರೆದಿತ್ತಲ್ಲ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ.  2016ರಲ್ಲಿ ಹಸಿರು ಪಕ್ಷವೇ ಮೊದಲ ಸ್ಥಾನಕ್ಕೆ ಬಂತು. ಹಳೇ ಎದುರಾಳಿ ಸಿಡಿಯು ಜೊತೆಗೇ ಕೂತು, ಮತ್ತೆ ಕಾಗದ ಬರೆಯಿತು.

ನಿಲ್ದಾಣ? 2019ರಲ್ಲಿ ತೆರೆಯಬೇಕಿತ್ತು. 2025 ಕಳೆದರೂ ತೆರೆಯಲಿಲ್ಲ. ನಮಸ್ಕಾರ.